ಗ್ಲಾಕೋಮಾ ನಾಳ ಅಳವಡಿಕೆ ಶಸ್ತ್ರಚಿಕಿತ್ಸೆ (ಪೊರೆ ತೆಗೆಯುವುದರೊಂದಿಗೆ ಅಥವಾ ತೆಗೆಯದೆ): ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಣ್ಣಿನ ಶಸ್ತ್ರಚಿಕಿತ್ಸೆಗೆ ನೆರವು ಕೋರಿ ಸಲ್ಲಿಕೆಯಾಗುವ ಅರ್ಜಿಗಳಲ್ಲಿ ಪೊರೆ ಮತ್ತು ಗ್ಲಾಕೋಮಾ ಎಂಬ ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಎಂಬಂತೆ ನಮೂದಿಸಿರುವುದು ಪದೇ ಪದೇ ಕಂಡುಬರುತ್ತದೆ. ಪೊರೆಯಿಂದ ಮಂಜಾದ ದೃಷ್ಟಿಯು ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮರಳುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿಯು ಯಾವ ಚಿಕಿತ್ಸೆಯಿಂದಲೂ ಮರಳುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ. ಇದನ್ನು ಅರಿಯದೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರು ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಿರಾಶರಾಗಿ, ಮರುತಪಾಸಣೆಯನ್ನೇ ಕೈಬಿಡುವುದುಂಟು. ಹಾಗೆ ಕೈಬಿಟ್ಟಲ್ಲಿ ಉಳಿದ ದೃಷ್ಟಿಗೂ ಅಪಾಯ ಒದಗುವುದರಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ನಾಳ ಅಳವಡಿಕೆ ಎಂದರೇನು?

ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ತಿಳಿದ್ರವವು ಹೊರಹೋಗುವ ಮಾರ್ಗದಲ್ಲಿ ಅಡಚಣೆಯಾದಾಗ ಒಳಒತ್ತಡ ಏರಿ ದೃಷ್ಟಿನರವು ಕ್ರಮೇಣ ಸವೆಯುತ್ತದೆ. ಈ ಒತ್ತಡವು ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ, ಕೆಲವರಲ್ಲಿ ಒತ್ತಡ ಈ ಮಿತಿಯೊಳಗೇ ಇದ್ದರೂ ಗ್ಲಾಕೋಮಾ ಬರುವುದುಂಟು. ಹನಿ ಔಷಧಿ, ಲೇಸರ್ ಮತ್ತು ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯು ಸಾಮಾನ್ಯವಾಗಿ ಮೊದಲು ಅನುಸರಿಸುವ ವಿಧಾನಗಳು. ಇವು ಫಲಿಸದಿದ್ದಲ್ಲಿ, ಅಥವಾ ಮಧುಮೇಹದಿಂದ ಕಣ್ಣಿನಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದಲ್ಲಿ, ಪೆಟ್ಟು ಬಿದ್ದ ಅಥವಾ ಈ ಹಿಂದೆ ಹಲವು ಶಸ್ತ್ರಚಿಕಿತ್ಸೆಗಳಾದ ಕಣ್ಣುಗಳಲ್ಲಿ, ವೈದ್ಯರು ನಾಳ ಅಳವಡಿಕೆಯನ್ನು ಸೂಚಿಸುತ್ತಾರೆ.

ಸಣ್ಣ ಸಿಲಿಕೋನ್ ಕೊಳವೆಯ ಒಂದು ತುದಿಯನ್ನು ಕಣ್ಣಿನ ಮುಂಭಾಗದೊಳಗೆ ಇರಿಸಿ, ಇನ್ನೊಂದು ತುದಿಗೆ ಸೇರಿದ ತಟ್ಟೆಯನ್ನು ಕಣ್ಣುಗುಡ್ಡೆಯ ಬಿಳಿಭಾಗದ ಮೇಲೆ, ರೆಪ್ಪೆಯ ಮರೆಯಲ್ಲಿ ಹೊಲಿಯಲಾಗುತ್ತದೆ. ದ್ರವವು ಕೊಳವೆಯ ಮೂಲಕ ತಟ್ಟೆಯ ಸುತ್ತ ಸೇರಿ ಅಲ್ಲಿಂದ ಹೀರಲ್ಪಡುತ್ತದೆ. ಸಾಧನವು ಹೊರಗಿನವರಿಗೆ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದ ಆಂಟನಿ ಮೊಲ್ಟೆನೊ ಅವರು 1969ರಲ್ಲಿ ಈ ಬಗೆಯ ಸಾಧನವನ್ನು ಪ್ರಕಟಪಡಿಸಿದರು. ನಮ್ಮಲ್ಲಿ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು: ಕವಾಟವಿರುವ ಅಹ್ಮದ್ ಸಾಧನ ಮತ್ತು 2013ರಲ್ಲಿ ಮದುರೆಯ ಆರೋಲ್ಯಾಬ್ ಪರಿಚಯಿಸಿದ, ಕವಾಟವಿಲ್ಲದ ಆಡಿ ಸಾಧನ. ಎರಡನೆಯದರ ತಟ್ಟೆ 350 ಚದರ ಮಿ.ಮೀ. ವಿಸ್ತೀರ್ಣದ್ದು. ಸ್ವದೇಶಿ ಸಾಧನವಾದುದರಿಂದ ವೆಚ್ಚವೂ ಕಡಿಮೆ.

ಪೊರೆಯನ್ನು ಜೊತೆಯಲ್ಲೇ ತೆಗೆಯಬೇಕೇ?

ಇದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಪೊರೆ ದಪ್ಪವಾಗಿ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗಿದ್ದಲ್ಲಿ ಎರಡನ್ನೂ ಒಟ್ಟಿಗೆ ಮಾಡಬಹುದು. ಆಗ ಆಸ್ಪತ್ರೆಯ ಓಡಾಟ ಮತ್ತು ಅರಿವಳಿಕೆ ಒಂದು ಬಾರಿಗೆ ಮುಗಿಯುತ್ತದೆ. ಕಣ್ಣಿನ ಸ್ವಂತ ಮಸೂರಕ್ಕಿಂತ ಕೃತಕ ಮಸೂರವು ತೆಳುವಾದುದರಿಂದ ಕೊಳವೆಗೆ ಸ್ಥಳಾವಕಾಶವೂ ದೊರೆಯುತ್ತದೆ. ಆದರೆ ಉರಿಯೂತ ಹೆಚ್ಚಾಗಬಹುದೆಂಬ ಕಾರಣಕ್ಕೆ ಕೆಲವು ವೈದ್ಯರು ಎರಡನ್ನು ಬೇರೆ ಬೇರೆಯಾಗಿ ಮಾಡಲು ಬಯಸುತ್ತಾರೆ. ಪೊರೆ ಇನ್ನೂ ಎಳೆಯದಾಗಿದ್ದು ಒತ್ತಡ ತುರ್ತಾಗಿ ಇಳಿಯಬೇಕಿದ್ದಲ್ಲಿ ನಾಳವನ್ನು ಮಾತ್ರ ಅಳವಡಿಸಲಾಗುತ್ತದೆ. ನಾಳವಿರುವ ಕಣ್ಣಿನಲ್ಲಿ ಪೊರೆ ಬೇಗ ಬಲಿಯುವ ಸಂಭವವಿದ್ದು, ಅದನ್ನು ಮುಂದೆ ತೆಗೆಯಿಸಲು ಅಡ್ಡಿಯಿಲ್ಲ.

ಕೋನ ಮುಚ್ಚಿದ ಬಗೆಯ ಗ್ಲಾಕೋಮಾದಲ್ಲಿ ಮಸೂರವನ್ನು ತೆಗೆದರೆ ಅದರಿಂದಲೇ ಒತ್ತಡ ಇಳಿಯಬಲ್ಲದೆಂದು 2016ರಲ್ಲಿ ಪ್ರಕಟವಾದ ಈಗಲ್ ಎಂಬ ಅಧ್ಯಯನವು ತೋರಿಸಿದೆ. ಆದುದರಿಂದ ತಮ್ಮದು ಯಾವ ಬಗೆಯ ಗ್ಲಾಕೋಮಾ ಎಂಬುದನ್ನು ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳುವುದು ಒಳಿತು.

ಮೊದಲ ಆರು ವಾರಗಳು

ಅತಿ ಹೆಚ್ಚು ತಪ್ಪು ತಿಳುವಳಿಕೆ ಇರುವುದು ಈ ಅವಧಿಯ ಬಗ್ಗೆ. ಕವಾಟವಿಲ್ಲದ ಸಾಧನದಲ್ಲಿ ದ್ರವವು ಒಮ್ಮೆಲೇ ಹರಿದು ಕಣ್ಣು ಕುಗ್ಗದಂತೆ ಕೊಳವೆಯನ್ನು ಕರಗುವ ದಾರದಿಂದ ಬಿಗಿದಿರುತ್ತಾರೆ. ತಟ್ಟೆಯ ಸುತ್ತ ಅಂಗಾಂಶದ ಹೊದಿಕೆ ಬೆಳೆದ ನಂತರ, ಸುಮಾರು ಐದರಿಂದ ಆರು ವಾರಗಳಲ್ಲಿ, ದಾರ ಕರಗಿ ನಾಳ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ನಾಳ ಪೂರ್ಣವಾಗಿ ಕೆಲಸ ಮಾಡುತ್ತಿಲ್ಲವೆಂದೇ ತಿಳಿಯತಕ್ಕದ್ದು. "ಆಪರೇಷನ್ ಆಯಿತು, ಇನ್ನು ಹನಿ ಏಕೆ" ಎಂದು ಒತ್ತಡದ ಔಷಧಿಯನ್ನು ನಿಲ್ಲಿಸುವುದು ಅಪಾಯಕರ. ವೈದ್ಯರು ನಿಲ್ಲಿಸಲು ಹೇಳುವವರೆಗೆ ಮುಂದುವರಿಸಬೇಕು.

ನಾಳ ತೆರೆದುಕೊಳ್ಳುವ ದಿನಗಳಲ್ಲಿ ಒತ್ತಡವು ಹಠಾತ್ತಾಗಿ ತೀರಾ ಇಳಿದು ದೃಷ್ಟಿ ಮಸುಕಾಗಬಹುದು. ಆ ವಾರಗಳ ತಪಾಸಣೆಯನ್ನು ಬಿತ್ತನೆ, ಸುಗ್ಗಿ ಅಥವಾ ಮದುವೆಯ ಕಾರಣಕ್ಕೆ ಮುಂದೂಡಬಾರದು. ಕವಾಟವಿರುವ ಸಾಧನವು ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ಆದರೆ ಕೆಲವು ವಾರಗಳ ನಂತರ ಒತ್ತಡ ತಾತ್ಕಾಲಿಕವಾಗಿ ಮತ್ತೆ ಏರುವುದುಂಟು. ಎರಡರಲ್ಲೂ ಹಲವರಿಗೆ ಮುಂದೆಯೂ ಒಂದೆರಡು ಹನಿ ಔಷಧಿ ಬೇಕಾಗುತ್ತದೆ. ಹಾಗಾದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ಭಾವಿಸಬೇಕಿಲ್ಲ.

ಕಣ್ಣು ನೋವು, ಕೆಂಪಾಗುವುದು, ಕೀವು, ದೃಷ್ಟಿ ಇಳಿಮುಖವಾಗುವುದು, ಒಂದು ವಸ್ತು ಎರಡಾಗಿ ಕಾಣುವುದು ಅಥವಾ ಬಿಳಿಭಾಗದಲ್ಲಿ ಕೊಳವೆಯೇ ಹೊರಗೆ ಕಾಣಿಸುವುದು: ಇವುಗಳಲ್ಲಿ ಯಾವುದೇ ಇದ್ದಲ್ಲಿ, ಶಸ್ತ್ರಚಿಕಿತ್ಸೆಯಾಗಿ ವರ್ಷಗಳೇ ಕಳೆದಿದ್ದರೂ, ಅಂದೇ ನೇತ್ರ ವೈದ್ಯರನ್ನು ಕಾಣತಕ್ಕದ್ದು. ಕೊಳವೆ ಹೊರಬಂದಲ್ಲಿ ಸೋಂಕು ಕಣ್ಣಿನೊಳಗೆ ಹೋಗುವ ದಾರಿ ತೆರೆದಂತೆಯೇ.

ಅರ್ಜಿದಾರರ ಗಮನಕ್ಕೆ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಹಾಗೂ ಇತರರಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಗೊಳಪಟ್ಟು, ಚಿಕಿತ್ಸಾ ನೆರವು ಲಭ್ಯವಿದೆ. ಇದು ನಗದುರಹಿತ ವ್ಯವಸ್ಥೆಯಾದುದರಿಂದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮತ್ತು ಪೂರ್ವಾನುಮತಿಯನ್ನು ಮೊದಲೇ ಪಡೆಯತಕ್ಕದ್ದು. ನಾಳ ಹಾಗೂ ಪೊರೆ ಎರಡಕ್ಕೂ ಅನುಮೋದನೆ ದೊರೆತಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಖಚಿತಪಡಿಸಿಕೊಳ್ಳಿ.

ಪ್ರಮಾಣಪತ್ರದಲ್ಲಿ "ಕಣ್ಣಿನ ಆಪರೇಷನ್" ಎಂದಷ್ಟೇ ಬರೆದಿದ್ದರೆ ಸಾಲದು. ಬಲಗಣ್ಣೋ ಎಡಗಣ್ಣೋ, ಯಾವ ಕಾಯಿಲೆ, ಯಾವ ಸಾಧನ, ಪೊರೆ ತೆಗೆಯಲಾಗುವುದೇ ಎಂಬ ವಿವರಗಳಿರಬೇಕು. ಕೃತಕ ಮಸೂರವೂ ನಾಳವೂ ಎರಡೂ "ಇಂಪ್ಲಾಂಟ್" ಎಂದೇ ಕರೆಯಲ್ಪಡುವುದರಿಂದ ಲೆಕ್ಕಪತ್ರದಲ್ಲಿ ಗೊಂದಲವಾಗುವುದು ಇಲ್ಲಿಯೇ. ಬಿಲ್ಲಿನಲ್ಲಿ ಇವನ್ನು ಪ್ರತ್ಯೇಕವಾಗಿ ನಮೂದಿಸಲು ಕೋರಿರಿ. ಸಾಧನದ ಹೆಸರು ಮತ್ತು ಕ್ರಮಸಂಖ್ಯೆ ಇರುವ ಚೀಟಿಯನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿಕೊಂಡು ಜೋಪಾನವಾಗಿಡಿ. ಬೇರೆ ಊರಿನಲ್ಲಿ ತೊಂದರೆಯಾದರೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.

ಗ್ಲಾಕೋಮಾ ಕುಟುಂಬದಲ್ಲಿ ಹರಿದುಬರುವ ಸಂಭವವಿರುವುದರಿಂದ, ರೋಗಿಯ ಜೊತೆಗೆ ಬರುವ ಒಡಹುಟ್ಟಿದವರು ಮತ್ತು ಮಕ್ಕಳು ಅದೇ ದಿನ ತಮ್ಮ ಕಣ್ಣಿನ ಒತ್ತಡ ಹಾಗೂ ದೃಷ್ಟಿನರದ ತಪಾಸಣೆಯನ್ನೂ ಮಾಡಿಸಿಕೊಳ್ಳುವುದು ಸೂಕ್ತ.