ತಿಥಿ ಬಿಟ್ಟು ವಾರ ಹಿಡಿದ ಪಾಠ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸೋಮವಾರ ಆರಂಭವಾದ ಪಾಠ ಶನಿವಾರ ಬೆಳಗಿನ ತರಗತಿಯೊಂದಿಗೆ ಮುಗಿಯುತ್ತದೆ. ಭಾನುವಾರ ರಜೆ. ಮಕ್ಕಳ ಮಟ್ಟಿಗೆ ಇದು ಸೂರ್ಯ ಹುಟ್ಟಿ ಮುಳುಗುವಷ್ಟೇ ಸಹಜ. ಆದರೆ ಅಕ್ಷರದೊಂದಿಗೆ ಹದಿನೈದು ಶತಮಾನಗಳ ನಂಟಿರುವ ಈ ಸೀಮೆಯಲ್ಲಿ ಪಾಠಕ್ಕೆ ‘ವಾರ’ ಅಳತೆಗೋಲಾದದ್ದು ತೀರಾ ಈಚೆಗೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತದೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯದ ಮೂಲ ಅದು. ಸಮೀಪದ ಬಳ್ಳಿಗಾವೆಯ ಕೋಡಿಯ ಮಠ ಇನ್ನೂ ದೊಡ್ಡ ವಿದ್ಯಾಕೇಂದ್ರ. ನಾಲ್ಕು ವೇದ, ಹಲವು ವ್ಯಾಕರಣಗಳು, ಷಡ್ದರ್ಶನ, ಹದಿನೆಂಟು ಪುರಾಣಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು 1162ರ ಶಾಸನ ವರ್ಣಿಸುತ್ತದೆ.

ಇಂಥ ವಿದ್ಯಾಭ್ಯಾಸ ನಡೆದದ್ದು ಚಂದ್ರನ ಲೆಕ್ಕದಲ್ಲಿ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳು ಧರ್ಮಶಾಸ್ತ್ರದ ಪ್ರಕಾರ ಅನಧ್ಯಯನದ ದಿನಗಳು. ಪಾಡ್ಯವೂ ನಿಷಿದ್ಧವೇ. ಅಶೋಕವನದಲ್ಲಿ ಸೊರಗಿದ್ದ ಸೀತೆಯನ್ನು ಹನುಮಂತ ಹೋಲಿಸಿದ್ದು ಪಾಡ್ಯದಂದು ಓದುವವನ ವಿದ್ಯೆಗೆ!

ಕೋಡಿಯ ಮಠ ಪಂಡಿತರದಾದರೆ ಸಾಮಾನ್ಯರ ಮಕ್ಕಳಿಗಿದ್ದದ್ದು ಕೂಲಿಮಠ. (ಹೆಸರುಗಳ ಪ್ರಾಸ ಆಕಸ್ಮಿಕ.) ಮನೆಮನೆಯವರು ಕೊಡುವ ಕಾಳುಕಡ್ಡಿ, ಕಾಸಿನ ಮೇಲೆ ಐಗಳು ನಡೆಸುತ್ತಿದ್ದ ಶಾಲೆ ಅದು. ಅಂಥ ಶಾಲೆಗಳ ಚಿತ್ರ ಕಣ್ಣಿಗೆ ಕಟ್ಟುವಂತೆ ಸಿಗುವುದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ. ಐದು ವರ್ಷಕ್ಕೆ ಶಾಲೆ. ಬೆಳಿಗ್ಗೆ ಆರಕ್ಕೆ ಪಾಠ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಮರಳ ಮೇಲೆ ಬೆರಳಿಂದ ತಿದ್ದಿದ ಮೇಲೆ ಹಲಗೆ ಅಥವಾ ಕಡತ. ಗಂಜಿಯಲ್ಲಿ ಗಡುಸಾಗಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು, ಅಂಟು ಬಳಿದು ಮಾಡಿದ್ದೇ ಕಡತ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ದೊಡ್ಡ ಹುಡುಗರೇ ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ.

ಹಾಗೆಂದು ಕೂಲಿಮಠವನ್ನು ಸ್ವರ್ಗವೆಂದು ಭಾವಿಸಬೇಕಿಲ್ಲ. ಸೋಮಾರಿಗಳನ್ನು ಸೂರಿಗೆ ನೇತುಹಾಕುವ ಶಿಕ್ಷೆಯಿತ್ತು. ಮಕ್ಕಳು ಅರ್ಥವಿಲ್ಲದೆ ಪದ್ಯ ಉರುಹೊಡೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಸುಮಾರು ಒಂಬತ್ತೂಕಾಲು ಲಕ್ಷ ಜನರ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದರೂ ಕಲಿಯುತ್ತಿದ್ದವರು 6,641 ಮಂದಿ. ಅವರಲ್ಲಿ ಹುಡುಗಿಯರು ಅರವತ್ತು!

ಮೈಸೂರು ಸೀಮೆಯಲ್ಲಿ ಈ ಬಾಗಿಲನ್ನು ಅಗಲಿಸುವ ಯತ್ನ ಶುರುವಾದದ್ದು 1868ರಲ್ಲಿ, ಹೋಬಳಿ ಶಾಲೆಗಳ ಯೋಜನೆಯಿಂದ. ಹೋಬಳಿಗೊಂದು ಶಾಲೆ, ಹಳೆಯ ಮಠಗಳ ಉಪಾಧ್ಯಾಯರನ್ನೇ ಆರಿಸಿ, ತರಬೇತಿ ಕೊಟ್ಟು ನೇಮಿಸುವುದು. ಐಗಳು ಸಂಬಳದ ಮೇಷ್ಟ್ರಾದರು. ಸರ್ಕಾರಿ ವ್ಯವಸ್ಥೆ ಬೇರೂರಿದಂತೆ ಹಾಜರಿ ಪುಸ್ತಕ, ಇನ್‌ಸ್ಪೆಕ್ಟರ ಭೇಟಿ, ಭಾನುವಾರದ ರಜೆ ಹಳ್ಳಿಗೂ ಬಂದವು. ಪಂಚಾಂಗ ನೋಡಿ ಶಾಲೆಗೆ ಹೋಗುವ ಕಾಲ ಹೋಯಿತು. ತಿಥಿ ಗೊತ್ತಿಲ್ಲದ ಮನೆಯ ಮಗುವೂ ಎಣಿಸಬಲ್ಲ ಲೆಕ್ಕ ಏಳು ದಿನಗಳದ್ದು. ಆದರೂ ಎಲ್ಲರೂ ಒಳಗೆ ಬರಲಿಲ್ಲ. ಪ್ರಾಥಮಿಕ ಶಿಕ್ಷಣ ಕಡ್ಡಾಯಗೊಳಿಸುವ ಕಾಯಿದೆಗೆ ಮೈಸೂರು 1913ರವರೆಗೆ ಕಾಯಬೇಕಾಯಿತು.

ಹೋಬಳಿ ಶಾಲೆಗಳ ಯೋಜನೆ ರೂಪಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಊರೂರು ಸುತ್ತುವಾಗಲೇ ಅವರಿಗೆ ಶಾಸನಗಳ ಹುಚ್ಚು ಹತ್ತಿತು. ತಾಳಗುಂದದ ಸ್ತಂಭ, ಕೋಡಿಯ ಮಠದ ಬರಹಗಳೆಲ್ಲ ಸೇರಿದ ಶಿಕಾರಿಪುರದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲೂ, ಸೊರಬದವನ್ನು ಎಂಟನೆಯದರಲ್ಲಿ 1904ರಲ್ಲೂ ಅವರು ಅಚ್ಚು ಹಾಕಿಸಿದರು.