ದಯಾಮರಣ: ಕಾನೂನು ಏನನ್ನು ಒಪ್ಪುತ್ತದೆ, ಯಾವುದು ಇನ್ನೂ ಚರ್ಚೆಯಲ್ಲಿದೆ?

‘ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕು, ಯಾರಿಗೂ ಭಾರವಾಗಬಾರದು’ ಎಂಬ ಮಾತನ್ನು ನಿಮ್ಮ ಮನೆಯ ಹಿರಿಯರಿಂದ ನೀವು ಕೇಳಿರುತ್ತೀರಿ. ಹೇಳುವವರು ಸಲೀಸಾಗಿ ಹೇಳುತ್ತಾರೆ, ಕೇಳುವವರು ‘ಬಿಡ್ತು ಅನ್ನಿ’ ಎಂದು ಮಾತು ತಿರುಗಿಸುತ್ತಾರೆ. ಮುಂದೊಂದು ದಿನ ಐಸಿಯು ಬಾಗಿಲಲ್ಲಿ ವೈದ್ಯರು ‘ವೆಂಟಿಲೇಟರ್ ಮುಂದುವರಿಸೋಣವೇ?’ ಎಂದು ಕೇಳಿದಾಗ, ಆ ಹಿರಿಯರ ನಿಜವಾದ ಇಚ್ಛೆ ಏನಿತ್ತು ಎಂಬುದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ದಯಾಮರಣವನ್ನು ಕಾನೂನುಬದ್ಧಗೊಳಿಸಬೇಕೇ ಎಂಬ ಚರ್ಚೆ ನಮ್ಮ ದೇಶದಲ್ಲಿ ದಶಕಗಳಿಂದ ನಡೆದಿದೆ. ಆದರೆ ಕಾನೂನು ಈಗಾಗಲೇ ಒಪ್ಪಿರುವುದು ಏನು ಎಂಬುದೇ ಹಲವು ಕುಟುಂಬಗಳಿಗೆ ತಿಳಿದಿಲ್ಲ. ಮೊದಲು ಅದನ್ನು ನೋಡೋಣ, ನಂತರ ಚರ್ಚೆಗೆ ಬರೋಣ.

ದಯಾಮರಣ ಎಂದರೇನು?

ಗುಣವಾಗದ ಕಾಯಿಲೆಯಿಂದ ತೀವ್ರವಾಗಿ ನರಳುತ್ತಿರುವ ವ್ಯಕ್ತಿಯ ಸಂಕಟ ಕೊನೆಗಾಣಿಸಲು ಸಾವಿಗೆ ಅನುವು ಮಾಡಿಕೊಡುವುದಕ್ಕೆ ದಯಾಮರಣ ಎನ್ನುತ್ತಾರೆ. ಈ ಒಂದೇ ಪದದ ಅಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ.

ಸಕ್ರಿಯ ದಯಾಮರಣ: ರೋಗಿಯ ಕೋರಿಕೆಯ ಮೇರೆಗೆ ವೈದ್ಯರೇ ಚುಚ್ಚುಮದ್ದು ಅಥವಾ ಔಷಧ ಕೊಟ್ಟು ಜೀವ ಕೊನೆಗೊಳಿಸುವುದು. ಭಾರತದಲ್ಲಿ ಇದು ಅಪರಾಧ. ರೋಗಿಯ ಒಪ್ಪಿಗೆ ಇದ್ದರೂ ಅಪರಾಧವೇ.

ವೈದ್ಯರ ನೆರವಿನ ಸಾವು: ವೈದ್ಯರು ಔಷಧ ಬರೆದುಕೊಡುತ್ತಾರೆ, ರೋಗಿ ತಾನೇ ಅದನ್ನು ಸೇವಿಸುತ್ತಾರೆ. ನಮ್ಮಲ್ಲಿ ಇದಕ್ಕೂ ಅವಕಾಶವಿಲ್ಲ. ಭಾರತೀಯ ನ್ಯಾಯ ಸಂಹಿತೆಯಡಿ ಆತ್ಮಹತ್ಯೆಗೆ ನೆರವಾಗುವುದು ಶಿಕ್ಷಾರ್ಹ.

ನಿಷ್ಕ್ರಿಯ ದಯಾಮರಣ: ಚೇತರಿಕೆಯ ಆಸೆ ಇಲ್ಲದಿರುವಾಗ ಸಾವನ್ನು ಮುಂದೂಡುವುದಷ್ಟೇ ಮಾಡುತ್ತಿರುವ ಚಿಕಿತ್ಸೆಯನ್ನು ಆರಂಭಿಸದೇ ಇರುವುದು ಅಥವಾ ಹಿಂತೆಗೆದುಕೊಳ್ಳುವುದು. ಇದಕ್ಕೆ ನಿಯಮಗಳಿಗೆ ಒಳಪಟ್ಟು ಅನುಮತಿ ಇದೆ. ಇಲ್ಲಿ ಸಾವು ಬರುವುದು ಕಾಯಿಲೆಯಿಂದ, ವೈದ್ಯರ ಕೈಯಿಂದಲ್ಲ. ಆ ಕಾರಣಕ್ಕೇ ಇದನ್ನು ದಯಾಮರಣ ಎಂದು ಕರೆಯುವುದೇ ತಪ್ಪು ಎಂದು ಅನೇಕ ವೈದ್ಯರು ಹೇಳುತ್ತಾರೆ.

ಇನ್ನೊಂದು ಗೊಂದಲವೂ ಇದೆ. ಮಿದುಳು ನಿಷ್ಕ್ರಿಯಗೊಂಡಿದೆ ಎಂದು ವೈದ್ಯರು ಪ್ರಮಾಣೀಕರಿಸುವುದು ಬೇರೆ ವಿಷಯ. ಅದು 1994ರ ಅಂಗಾಂಗ ಕಸಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನೂ ದಯಾಮರಣವನ್ನೂ ಬೆರೆಸಬಾರದು.

ನಮ್ಮ ದೇಶದ ಕಾನೂನು ಇಲ್ಲಿಗೆ ಬಂದದ್ದು ಹೇಗೆ?

1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದಿತು. ಆದರೆ ಘನತೆಯ ಬದುಕು ಎಂಬುದು ಸಹಜ ಸಾವಿನ ಕ್ಷಣದವರೆಗೂ ಅನ್ವಯಿಸುತ್ತದೆ ಎಂದೂ ಹೇಳಿತು. ಮುಂದಿನ ತೀರ್ಪುಗಳಿಗೆ ಈ ಮಾತೇ ದಾರಿಯಾಯಿತು.

ಆಮೇಲಿನ ಪ್ರಕರಣ ಅರುಣಾ ಶಾನಭಾಗ್ ಅವರದು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅವರು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲೇ ಅವರ ಮೇಲೆ ಬರ್ಬರ ಹಲ್ಲೆ ನಡೆಯಿತು. ಮಿದುಳಿಗೆ ಆಮ್ಲಜನಕ ಸಿಗದೆ ಅವರು ಮತ್ತೆ ಸಹಜ ಸ್ಥಿತಿಗೆ ಬರಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಅವರನ್ನು ನೋಡಿಕೊಂಡಿದ್ದ ಆಸ್ಪತ್ರೆಯ ಸಿಬ್ಬಂದಿ ಅದನ್ನು ಬಲವಾಗಿ ವಿರೋಧಿಸಿದರು.

2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಆ ಮನವಿಯನ್ನು ತಳ್ಳಿಹಾಕಿತು. ಅರುಣಾ ಪರವಾಗಿ ನಿರ್ಧರಿಸುವ ಹಕ್ಕು ಅವರ ಆರೈಕೆ ಮಾಡುತ್ತಿರುವ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂದಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿಯೊಂದಿಗೆ ನಿಷ್ಕ್ರಿಯ ದಯಾಮರಣಕ್ಕೆ ಮೊದಲ ಬಾರಿಗೆ ಅವಕಾಶ ನೀಡಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರಿಗೇ ಏನು ಬೇಕಿತ್ತು ಎಂಬುದನ್ನು 41 ವರ್ಷಗಳಲ್ಲಿ ಯಾರೂ ಅವರಿಂದ ಕೇಳಿ ತಿಳಿಯಲಾಗಲಿಲ್ಲ.

2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ ಸಂವಿಧಾನ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಮೂಲಭೂತ ಹಕ್ಕೆಂದು ಒಪ್ಪಿತು. ತನಗೆ ಪ್ರಜ್ಞೆ ತಪ್ಪಿದ ಮೇಲೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡುವ ಪತ್ರಕ್ಕೂ ಮಾನ್ಯತೆ ಕೊಟ್ಟಿತು. ಇದನ್ನೇ ಲಿವಿಂಗ್ ವಿಲ್ ಅಥವಾ ಮುಂಗಡ ವೈದ್ಯಕೀಯ ನಿರ್ದೇಶನ ಎನ್ನುವುದು. ಆದರೆ ಅಂದಿನ ನಿಯಮಗಳು ಎಷ್ಟು ತೊಡಕಾಗಿದ್ದವೆಂದರೆ, ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿಯೇ ಬೇಕಾಗಿತ್ತು. 2023ರ ಜನವರಿ 24ರಂದು ನ್ಯಾಯಾಲಯ ಅವನ್ನು ಸರಳಗೊಳಿಸಿತು. ಸಂಸತ್ತು ಕಾಯ್ದೆ ಮಾಡುವವರೆಗೆ ಈ ಮಾರ್ಗಸೂಚಿಯೇ ಕಾನೂನು.

ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ರಾಜ್ಯದಲ್ಲಿ ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ತೀರ್ಪು ಇಡೀ ದೇಶಕ್ಕೆ ಅನ್ವಯಿಸುವುದರಿಂದ ನೀವು ಪುಣೆಯಲ್ಲಿರಲಿ, ಚೆನ್ನೈ ಅಥವಾ ಹೈದರಾಬಾದಿನಲ್ಲಿರಲಿ, ಹಕ್ಕು ಒಂದೇ. ಅದನ್ನು ಜಾರಿಗೊಳಿಸುವ ವ್ಯವಸ್ಥೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಬಹುದು.

ಆಸ್ಪತ್ರೆಯಲ್ಲಿ ನಿರ್ಧಾರ ಹೇಗೆ ಆಗುತ್ತದೆ?

ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ವೈದ್ಯರಿಗೆ ಖಚಿತವಾದಾಗ ಆಸ್ಪತ್ರೆ ಪ್ರಾಥಮಿಕ ಮಂಡಳಿಯೊಂದನ್ನು ರಚಿಸುತ್ತದೆ. ಅದರಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಇರುತ್ತಾರೆ. ಅವರು ಸಾಧ್ಯವಾದಷ್ಟೂ 48 ಗಂಟೆಗಳಲ್ಲಿ ಅಭಿಪ್ರಾಯ ಕೊಡಬೇಕು.

ಆ ಅಭಿಪ್ರಾಯವನ್ನು ಎರಡನೇ ಮಂಡಳಿ ಪರಿಶೀಲಿಸುತ್ತದೆ. ಇದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು ಇರುತ್ತಾರೆ. ಎರಡೂ ಮಂಡಳಿಗಳು ಒಪ್ಪಬೇಕು. ಲಿವಿಂಗ್ ವಿಲ್‌ನಲ್ಲಿ ಹೆಸರಿಸಿದವರು, ಅಂಥ ಪತ್ರ ಇಲ್ಲದಿದ್ದರೆ ಹತ್ತಿರದ ಬಂಧುಗಳು ಒಪ್ಪಿಗೆ ಕೊಡಬೇಕು. ಜಾರಿಗೊಳಿಸುವ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ನೀಡಬೇಕು. ಮಂಡಳಿ ಒಪ್ಪದಿದ್ದರೆ ಕುಟುಂಬದವರು ಅಥವಾ ವೈದ್ಯರು ಹೈಕೋರ್ಟಿಗೆ ಹೋಗಬಹುದು.

ಒಂದು ಮಾತು ನೆನಪಿರಲಿ. ಯಂತ್ರ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು, ಉಸಿರುಕಟ್ಟುವಿಕೆ ಮತ್ತು ಗಾಬರಿಗೆ ಔಷಧ ಕೊನೆಯವರೆಗೂ ಸಿಗಲೇಬೇಕು.

ಈ ದಾರಿ ಗೊತ್ತಿಲ್ಲದ ಕುಟುಂಬ ಏನು ಮಾಡುತ್ತದೆ? ಬಿಲ್ ಏರುತ್ತಾ ಹೋಗುತ್ತದೆ, ಆಸೆ ಕರಗುತ್ತಾ ಹೋಗುತ್ತದೆ. ಕೊನೆಗೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು ಸಹಿ ಹಾಕಿ ರೋಗಿಯನ್ನು ಮನೆಗೆ ತರುತ್ತಾರೆ. ಅಲ್ಲಿ ನೋವಿಗೆ ಔಷಧವಿಲ್ಲ, ಬಂದು ನೋಡುವ ನರ್ಸ್ ಇಲ್ಲ. ರೋಗಿ ಉಸಿರಿಗಾಗಿ ಒದ್ದಾಡುತ್ತಾ ಸಾಯುತ್ತಾರೆ. ‘ನಾವೇ ಕೊಂದೆವೇನೋ’ ಎಂಬ ಕೊರಗು ಮನೆಯವರಲ್ಲಿ ಉಳಿಯುತ್ತದೆ. ಕಾನೂನಿನ ದಾರಿ ಇರುವುದು ಈ ಎರಡನ್ನೂ ತಪ್ಪಿಸಲಿಕ್ಕೆ.

ಸಕ್ರಿಯ ದಯಾಮರಣ ಬೇಕೆನ್ನುವವರ ವಾದವೇನು?

ಅವರ ಮೊದಲ ವಾದ ಸ್ವಾತಂತ್ರ್ಯದ್ದು. ಎಲ್ಲಿ ಬದುಕಬೇಕು, ಹೇಗೆ ಬದುಕಬೇಕು ಎಂದು ನಿರ್ಧರಿಸುವ ವ್ಯಕ್ತಿಗೆ ಅಂತ್ಯದ ಬಗ್ಗೆ ಮಾತ್ರ ಏಕೆ ಹಕ್ಕಿಲ್ಲ?

ಎರಡನೆಯದು ಇನ್ನೂ ಗಟ್ಟಿಯಾದ ವಾದ. ಈಗಿನ ಕಾನೂನಿನಿಂದ ಮುಖ್ಯವಾಗಿ ಪ್ರಯೋಜನವಾಗುವುದು ಯಂತ್ರ ಅಥವಾ ಚಿಕಿತ್ಸೆಯ ಬಲದಿಂದ ಉಳಿದಿರುವವರಿಗೆ. ಯಂತ್ರದ ಹಂಗಿಲ್ಲದೆ ನರಳುತ್ತಿರುವವರಿಗೆ ನಿಲ್ಲಿಸಲು ಏನೂ ಇಲ್ಲ. ನರಗಳ ಕಾಯಿಲೆಯಿಂದ ದೇಹ ಒಂದೊಂದಾಗಿ ಸ್ವಾಧೀನ ಕಳೆದುಕೊಳ್ಳುತ್ತಿರುವ, ಆದರೆ ಬುದ್ಧಿ ನಿಚ್ಚಳವಾಗಿರುವ ರೋಗಿಗೆ ಈ ಕಾನೂನು ಏನು ಕೊಡುತ್ತದೆ ಎಂದು ಅವರು ಕೇಳುತ್ತಾರೆ.

ಬೇರೆ ದೇಶಗಳ ಉದಾಹರಣೆಯನ್ನೂ ಕೊಡುತ್ತಾರೆ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1997ರಿಂದ ವೈದ್ಯರ ನೆರವಿನ ಸಾವಿಗೆ ಅವಕಾಶವಿದೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಲ್ಲಿ, ಕೆನಡಾದಲ್ಲಿ 2016ರಲ್ಲಿ, ಸ್ಪೇನ್‌ನಲ್ಲಿ 2021ರಲ್ಲಿ ಕಾನೂನು ಜಾರಿಗೆ ಬಂದಿತು.

ಬೇಡ ಎನ್ನುವವರ ವಾದವೇನು?

ಒಪ್ಪಿಗೆ ನಿಜವಾದದ್ದೇ ಎಂದು ತಿಳಿಯುವುದು ಹೇಗೆ ಎಂಬುದೇ ಅವರ ಮುಖ್ಯ ಪ್ರಶ್ನೆ. ಚಿಕಿತ್ಸೆಯ ಖರ್ಚಿಗೆ ಹೊಲ ಮಾರುವ, ಸಾಲ ಮಾಡುವ ದೇಶ ನಮ್ಮದು. ಇಲ್ಲಿ ‘ನನಗೆ ಸಾವು ಬೇಕು’ ಎನ್ನುವ ವೃದ್ಧರ ಬಾಯಲ್ಲಿ ಮಕ್ಕಳ ಸಾಲದ ಚಿಂತೆ ಮಾತಾಡುತ್ತಿರಬಹುದು. ಆಸ್ತಿಯ ಆಸೆ ಇರುವವರ ಒತ್ತಡವೂ ಇರಬಹುದು. ಅಂಗವಿಕಲರು ಮತ್ತು ದುಡಿಯಲಾಗದ ಹಿರಿಯರು ತಾವು ಬದುಕಿರುವುದಕ್ಕೇ ಸಮರ್ಥನೆ ಕೊಡಬೇಕಾದ ಸ್ಥಿತಿ ಬಂದೀತು ಎಂಬ ಭಯವಿದೆ.

ಒಮ್ಮೆ ಬಾಗಿಲು ತೆರೆದರೆ ಅದು ಅಗಲವಾಗುತ್ತಾ ಹೋಗುತ್ತದೆ ಎಂದೂ ಅವರು ಎಚ್ಚರಿಸುತ್ತಾರೆ. ಕೆನಡಾ 2021ರಲ್ಲಿ, ಸಾವು ಸಮೀಪದಲ್ಲಿ ಇಲ್ಲದವರಿಗೂ ಷರತ್ತುಗಳೊಂದಿಗೆ ಅವಕಾಶ ವಿಸ್ತರಿಸಿದ್ದನ್ನು ತೋರಿಸುತ್ತಾರೆ. ಜೀವ ಉಳಿಸುವ ಕೈ ಜೀವ ತೆಗೆಯಬಾರದು ಎಂಬುದು ಹಲವು ವೈದ್ಯರ ನಿಲುವು.

ಧರ್ಮದ ದೃಷ್ಟಿಯೂ ಚರ್ಚೆಯಲ್ಲಿದೆ. ಶ್ರವಣಬೆಳಗೊಳದ ಶಾಸನಗಳನ್ನು ಬಲ್ಲ ಕನ್ನಡಿಗರಿಗೆ ಸಲ್ಲೇಖನ ಹೊಸದಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನವು ವ್ರತ, ವೈದ್ಯರು ಕೊಡುವ ಸಾವಲ್ಲ ಎಂಬುದು ಜೈನರ ನಿಲುವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಎರಡೂ ಕಡೆಯವರು ಒಪ್ಪುವ ಮಾತು

ನೋವು ನಿವಾರಣೆ ಮೊದಲು ಸಿಗಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಉಪಶಾಮಕ ಆರೈಕೆ ಬೇಕಿರುವವರಲ್ಲಿ ಅದು ಸಿಗುತ್ತಿರುವುದು ಸುಮಾರು 14 ಶೇಕಡ ಜನರಿಗೆ ಮಾತ್ರ. ಮಾರ್ಫಿನ್ ಸುಲಭವಾಗಿ ಸಿಗಲೆಂದು ನಮ್ಮ ಮಾದಕವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿ ಆಗಿದೆ. ಆದರೂ ‘ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರೆ’ ಎಂಬ ನಂಬಿಕೆ ಹೋಗಿಲ್ಲ. ತಜ್ಞರು ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ನೋವನ್ನು ಕಡಿಮೆ ಮಾಡುತ್ತದೆ, ಸಾವನ್ನು ಹತ್ತಿರ ತರುವುದಿಲ್ಲ.

ನೋವು ಒಂದೇ ದಾರಿಯಾಗಿರುವವರಿಗೆ ಸಾವನ್ನು ತೋರಿಸಿ ‘ಆರಿಸಿಕೊಳ್ಳಿ’ ಎಂದರೆ ಅದು ಆಯ್ಕೆಯಲ್ಲ. ನೋವಿಲ್ಲದ ದಿನಗಳು ಕೈಗೆಟಕುವಂತಾದ ಮೇಲೆ ಉಳಿಯುವ ಪ್ರಶ್ನೆಯನ್ನಷ್ಟೇ ಸಂಸತ್ತು ನ್ಯಾಯವಾಗಿ ತೂಗಬಲ್ಲದು. ಮುಂಬೈನ ಶಾಂತಿ ಅವೇದನಾ ಸದನ, ದೆಹಲಿಯ ಕ್ಯಾನ್‌ಸಪೋರ್ಟ್, ಬೆಂಗಳೂರಿನ ಕರುಣಾಶ್ರಯ ಮುಂತಾದ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆಯನ್ನು ಉಚಿತವಾಗಿ ನೀಡುತ್ತಿವೆ.

ನೀವು ಈಗಲೇ ಏನು ಮಾಡಬಹುದು?

• ಮನೆಯಲ್ಲಿ ಮಾತಾಡಿ. ಅಪ್ಪ ಅಮ್ಮ ಊರಲ್ಲಿದ್ದು ನೀವು ಬೇರೆ ರಾಜ್ಯದಲ್ಲಿದ್ದರೆ ಇದು ಇನ್ನೂ ಮುಖ್ಯ. ವೆಂಟಿಲೇಟರ್, ಡಯಾಲಿಸಿಸ್, ಆಹಾರದ ನಳಿಕೆ ಬಗ್ಗೆ ಅವರ ಇಚ್ಛೆ ಏನು, ಕೊನೆಯ ದಿನಗಳನ್ನು ಎಲ್ಲಿ ಕಳೆಯಲು ಬಯಸುತ್ತಾರೆ ಎಂದು ಕೇಳಿ.

• ಬರೆದಿಡಿ. 18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರು ಬೇಕಾದರೂ ಲಿವಿಂಗ್ ವಿಲ್ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆಯಬೇಕು.

• ನಿಮ್ಮ ಪರವಾಗಿ ನಿರ್ಧರಿಸುವವರನ್ನು ಹೆಸರಿಸಿ. ಒಬ್ಬರಿಗಿಂತ ಹೆಚ್ಚು ಜನರನ್ನು ಸೂಚಿಸಬಹುದು. ಒಬ್ಬರಾದರೂ ನೀವಿರುವ ಊರಿನವರೇ ಆಗಿದ್ದರೆ ಅನುಕೂಲ.

• ಪ್ರತಿಗಳನ್ನು ಕೊಡಿ. ಹೆಸರಿಸಿದವರಿಗೆ, ಕುಟುಂಬ ವೈದ್ಯರಿಗೆ ಮತ್ತು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ಒಂದೊಂದು ಪ್ರತಿ ಇರಲಿ. ಪತ್ರ ಕನ್ನಡದಲ್ಲಿದ್ದರೆ ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಇಡಿ. ಐಸಿಯು ವೈದ್ಯರು ಓದಲಾಗದ ಪತ್ರ ಸಮಯಕ್ಕೆ ಒದಗುವುದಿಲ್ಲ.

• ಮನಸ್ಸು ಬದಲಾದರೆ ಬದಲಿಸಿ. ಯಾವಾಗ ಬೇಕಾದರೂ ಲಿಖಿತವಾಗಿ ತಿದ್ದಬಹುದು ಅಥವಾ ರದ್ದು ಮಾಡಬಹುದು.

• ಪ್ಯಾಲಿಯೇಟಿವ್ ಕೇರ್ ತಂಡವನ್ನು ಬೇಗ ಕಾಣಿ. ಅದು ಕೊನೆಯ ವಾರಕ್ಕೆ ಮಾತ್ರ ಮೀಸಲಲ್ಲ. ಗಂಭೀರ ಕಾಯಿಲೆ ಪತ್ತೆಯಾದ ದಿನದಿಂದಲೇ, ಚಿಕಿತ್ಸೆಯ ಜೊತೆಗೇ ಪಡೆಯಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ‘ಇನ್ನು ಸಾಕು’ ಎಂದರೆ ಮಾತು ತಿರುಗಿಸಬೇಡಿ. ಅದರ ಹಿಂದೆ ತಡೆಯಲಾಗದ ನೋವು ಇರಬಹುದು, ಖಿನ್ನತೆ ಇರಬಹುದು, ಹಣದ ಚಿಂತೆ ಇರಬಹುದು ಅಥವಾ ನಿಜವಾಗಿಯೂ ಶಾಂತವಾದ ಒಪ್ಪಿಗೆ ಇರಬಹುದು. ಯಾವುದೆಂದು ತಿಳಿಯಲು ಪಕ್ಕದಲ್ಲಿ ಕೂತು ಕೇಳಬೇಕು.

ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿಮ್ಮ ಸಂದರ್ಭಕ್ಕೆ ತಕ್ಕ ಸಲಹೆಗಾಗಿ ವೈದ್ಯರನ್ನು ಮತ್ತು ವಕೀಲರನ್ನು ಕಾಣಿ. ನಿಮಗೆ ಅಥವಾ ನಿಮ್ಮವರಿಗೆ ಸಾವಿನ ಯೋಚನೆಗಳು ಕಾಡುತ್ತಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ.