ಹೆಸರು ಒಂದೇ, ವ್ಯಕ್ತಿಗಳು ಬೇರೆ: ತುಮಕೂರು, ಗುಬ್ಬಿ, ಕುಣಿಗಲ್ ಶಾಸಕರ ಹೆಸರಿನವರು ರಾಜಕೀಯದಲ್ಲಿ, ಕ್ರೀಡೆಯಲ್ಲಿ

ತುಮಕೂರು ಜಿಲ್ಲೆಯ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕ್ಷೇತ್ರಗಳಿಂದ 2018 ಮತ್ತು 2023ರ ಎರಡೂ ವಿಧಾನಸಭಾ ಚುನಾವಣೆಗಳಲ್ಲಿ ಗೆದ್ದವರು ಅದೇ ಮೂವರು. ತುಮಕೂರು ನಗರದಿಂದ ಜಿ. ಬಿ. ಜ್ಯೋತಿ ಗಣೇಶ್, ಗುಬ್ಬಿಯಿಂದ ಎಸ್. ಆರ್. ಶ್ರೀನಿವಾಸ್, ಕುಣಿಗಲಿನಿಂದ ಡಾ. ಎಚ್. ಡಿ. ರಂಗನಾಥ್. ಗಣೇಶ, ಶ್ರೀನಿವಾಸ, ರಂಗನಾಥ ಎಂಬ ಈ ಮೂರು ಹೆಸರುಗಳು ಇಲ್ಲದ ಊರು ಕನ್ನಡ ನಾಡಿನಲ್ಲಿ ಇರಲಾರದು. ಶಾಸನಸಭೆಯಲ್ಲಿಯೂ ಆಟದ ಮೈದಾನದಲ್ಲಿಯೂ ಇದೇ ಹೆಸರಿನವರು ಹಲವರು ಆಗಿಹೋಗಿದ್ದಾರೆ, ಈಗಲೂ ಇದ್ದಾರೆ.

ತುಮಕೂರು ಜಿಲ್ಲೆಯ ಕಥೋಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. ಕೆಲಸಕ್ಕೆಂದು, ಓದಿಗೆಂದು ಆ ಕಡೆ ಹೋಗಿ ನೆಲೆಸಿರುವ ನಮ್ಮ ಕರಾವಳಿಯವರೂ ಇದ್ದಾರೆ. ಅಲ್ಲಿನ ಸುದ್ದಿಯನ್ನು ಇಲ್ಲಿ ಓದುವಾಗ, ಇಲ್ಲಿನ ಸುದ್ದಿಯನ್ನು ಅಲ್ಲಿ ಓದುವಾಗ 'ಇದು ಯಾವ ಶ್ರೀನಿವಾಸ್?' ಎಂಬ ಪ್ರಶ್ನೆ ಏಳುತ್ತದೆ. ಧರ್ಮಕೇಂದ್ರದ ಪತ್ರಿಕೆಗೆ ವರದಿ ಬರೆಯುವವರು, ಜನಪ್ರತಿನಿಧಿಗಳಿಗೆ ಮನವಿ ಸಿದ್ಧಪಡಿಸುವ ಕಾರ್ಯದರ್ಶಿಗಳು, ಕ್ರೀಡಾಕೂಟದ ಆಮಂತ್ರಣ ಅಚ್ಚು ಹಾಕಿಸುವ ಯುವಜನರು ಇಟ್ಟುಕೊಳ್ಳಲೆಂದು ಈ ಮಾಹಿತಿಯನ್ನು ಒಟ್ಟುಮಾಡಿದ್ದೇವೆ.

ಗುಬ್ಬಿಯ ಶ್ರೀನಿವಾಸ್, ಕೋಲಾರದ ಶ್ರೀನಿವಾಸಗೌಡ

ಮೊದಲು ಗುಬ್ಬಿ, ಏಕೆಂದರೆ ಗೊಂದಲ ಹೆಚ್ಚು ಇರುವುದು ಇಲ್ಲಿಯೇ. ಎಸ್. ಆರ್. ಶ್ರೀನಿವಾಸ್ ಅವರನ್ನು ಊರಿನವರು 'ವಾಸು' ಎನ್ನುತ್ತಾರೆ, ಪತ್ರಿಕೆಗಳು 'ಗುಬ್ಬಿ ಶ್ರೀನಿವಾಸ್' ಎಂದು ಬರೆಯುತ್ತವೆ. ನಾಟಕರಂಗದ ಗುಬ್ಬಿ ವೀರಣ್ಣನವರ ಕಾಲದಿಂದಲೂ ಊರ ಹೆಸರು ಆ ಮಣ್ಣಿನವರಿಗೆ ಅಂಟಿಕೊಂಡೇ ಬಂದಿದೆ. 2004ರಲ್ಲಿ ಪಕ್ಷೇತರರಾಗಿ ಮೊದಲ ಬಾರಿಗೆ ಗೆದ್ದ ಇವರು ಬಳಿಕ ಜನತಾದಳ (ಜಾತ್ಯತೀತ) ಸೇರಿದರು. 2018ರ ಕುಮಾರಸ್ವಾಮಿ ಸಂಪುಟದಲ್ಲಿ ಸಣ್ಣ ಕೈಗಾರಿಕೆ ಸಚಿವರಾಗಿದ್ದರು. 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2024ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ಅಧ್ಯಕ್ಷರಾಗಿ ನೇಮಕಗೊಂಡರು.

ಅದೇ ಪಕ್ಷದಲ್ಲಿ, ಅದೇ ಕಾಲದಲ್ಲಿ ಇನ್ನೊಬ್ಬ ಶ್ರೀನಿವಾಸರಿದ್ದರು. ಅವರು ಕೋಲಾರದ ಕೆ. ಶ್ರೀನಿವಾಸಗೌಡ, 2018ರಲ್ಲಿ ಜನತಾದಳದಿಂದ ಗೆದ್ದ ಹಿರಿಯ ರಾಜಕಾರಣಿ. 2022ರ ಜೂನ್ 10ರಂದು ರಾಜ್ಯಸಭೆಯ ನಾಲ್ಕು ಸ್ಥಾನಗಳಿಗೆ ಚುನಾವಣೆ ನಡೆಯಿತು. ಕೋಲಾರದ ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ಮತ ಹಾಕಿದ್ದಾಗಿ ಹೊರಗೆ ಬಂದು ತಾವೇ ಹೇಳಿದರು. ಗುಬ್ಬಿಯ ಶ್ರೀನಿವಾಸ್ ಪಕ್ಷದ ಅಭ್ಯರ್ಥಿಗೆ ಮತ ಕೊಡಲಿಲ್ಲವೆಂದು ಪಕ್ಷದ ನಾಯಕರು ಆರೋಪಿಸಿದರು. ಅವರು ಅದನ್ನು ಅಲ್ಲಗಳೆದರು. ಅದೇ ತಿಂಗಳಲ್ಲಿ ಪಕ್ಷ ಇಬ್ಬರನ್ನೂ ಉಚ್ಚಾಟಿಸಿತು. ಒಬ್ಬರು ತಾವೇ ಒಪ್ಪಿಕೊಂಡದ್ದು, ಇನ್ನೊಬ್ಬರು ನಿರಾಕರಿಸಿದ್ದು. ಈ ಎರಡು ಸಂಗತಿಗಳ ನಡುವೆ ಬಹಳ ಅಂತರವಿದೆ. 'ಶಾಸಕ ಶ್ರೀನಿವಾಸ್ ಅಡ್ಡಮತದಾನ' ಎಂದಷ್ಟೇ ಬರೆದರೆ ಒಬ್ಬರ ಮಾತು ಇನ್ನೊಬ್ಬರ ತಲೆಗೆ ಬರುತ್ತದೆ. ಹೆಸರನ್ನು ಪೂರ್ತಿ ಬರೆಯಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. (ಆ ಚುನಾವಣೆಯಲ್ಲಿ ಗೆದ್ದವರಲ್ಲಿ ಒಬ್ಬರಾದ ನಟ ಜಗ್ಗೇಶ್ ತುಮಕೂರು ಜಿಲ್ಲೆಯ ತುರುವೇಕೆರೆ ಕಡೆಯವರು.)

ಕಂಬಳದ ಶ್ರೀನಿವಾಸ ಗೌಡ

ಕರಾವಳಿಯಲ್ಲಿ 'ಶ್ರೀನಿವಾಸ ಗೌಡ' ಎಂದರೆ ಕೋಲಾರದ ಶಾಸಕರು ಯಾರಿಗೂ ನೆನಪಾಗುವುದಿಲ್ಲ. ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಕಂಬಳ ಓಟಗಾರರೇ ನೆನಪಾಗುವುದು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಕೋಣಗಳ ಜೊತೆ 142.5 ಮೀಟರ್ ಕರೆಯನ್ನು ಇವರು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಎರಡು ವಾರದೊಳಗೆ ದೇಶವೆಲ್ಲಾ ಐಕಳದ ಹೆಸರು ಕೇಳಿತು.

ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾ ಓಟಕ್ಕೆ ವ್ಯವಸ್ಥೆ ಮಾಡುವುದಾಗಿ ತಿಳಿಸಿದರು. ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರು ಬೆಂಗಳೂರಿಗೆ ಕರೆಸಿ ಸನ್ಮಾನಿಸಿ 3 ಲಕ್ಷ ರೂಪಾಯಿ ಬಹುಮಾನ ನೀಡಿದರು. ಕಟ್ಟಡ ಕೆಲಸ ಮಾಡಿಕೊಂಡಿದ್ದ ಈ ಯುವಕ ಪರೀಕ್ಷಾ ಓಟಕ್ಕೆ ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡಬೇಕು, ಎರಡೂ ಬೇರೆ ಎಂಬುದು ಅವರು ಕೊಟ್ಟ ಕಾರಣ. ನಮಗೆ ಇದು ಹೆದರಿಕೆಯ ಮಾತಾಗಿ ಕಾಣುವುದಿಲ್ಲ, ತನ್ನ ಆಟ ಯಾವುದೆಂದು ಬಲ್ಲವನ ಮಾತಾಗಿ ಕಾಣುತ್ತದೆ. ಕೋಣಗಳ ಎಳೆತವನ್ನು ಲೆಕ್ಕಕ್ಕೆ ಹಿಡಿಯದೆ ಬೋಲ್ಟ್ ಜೊತೆ ಹೋಲಿಸಿದ್ದು ಕಂಬಳಕ್ಕೂ ನ್ಯಾಯವಲ್ಲ, ಬೋಲ್ಟ್‌ಗೂ ನ್ಯಾಯವಲ್ಲ. ಅದೇ ಫೆಬ್ರವರಿಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ ಇದಕ್ಕಿಂತಲೂ ವೇಗವಾಗಿ ಓಡಿದರು.

ಕಂಬಳದ ಕರೆಯಲ್ಲಿ ಮೈಕಿನವರು ಬರೀ 'ಶ್ರೀನಿವಾಸ' ಎನ್ನುವುದಿಲ್ಲ. ಊರು, ಮನೆ, ಆಮೇಲೆ ಹೆಸರು. ಕೋಣಗಳ ಯಜಮಾನರಿಗೂ ಇದೇ ಕ್ರಮ. ಪತ್ರಿಕೆಯವರು ಕಲಿಯಬೇಕಾದ ಪಾಠ ಗದ್ದೆಯಲ್ಲಿಯೇ ಇದೆ.

ಕರಾವಳಿಯ ಇತರ ಶ್ರೀನಿವಾಸರು

ನಮ್ಮ ಭಾಗದ ರಾಜಕೀಯದಲ್ಲಿ ಈಗ ಪರಿಚಿತರಾಗಿರುವವರು ಕೋಟ ಶ್ರೀನಿವಾಸ ಪೂಜಾರಿ. ವಿಧಾನ ಪರಿಷತ್ತಿನ ಸದಸ್ಯರಾಗಿ ಮುಜರಾಯಿ, ಮೀನುಗಾರಿಕೆ, ಸಮಾಜ ಕಲ್ಯಾಣ ಖಾತೆಗಳನ್ನು ನೋಡಿಕೊಂಡಿದ್ದ ಇವರು 2024ರಲ್ಲಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. 'ಕೋಟ' ಎಂಬುದು ಊರ ಹೆಸರು. ಆದರೆ ಅದನ್ನು ಬಿಟ್ಟರೆ ಅವರ ಹೆಸರೇ ಅರ್ಧವಾದಂತೆ.

ಇದೇ ಉಡುಪಿ ಕ್ಷೇತ್ರವನ್ನು 1957 ಮತ್ತು 1962ರಲ್ಲಿ ಪ್ರತಿನಿಧಿಸಿದ್ದವರು ಉಳ್ಳಾಲ ಶ್ರೀನಿವಾಸ ಮಲ್ಯ (1902-1965). ಬಜ್ಪೆ ವಿಮಾನ ನಿಲ್ದಾಣ, ನವಮಂಗಳೂರು ಬಂದರು, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಇವುಗಳ ಹಿಂದಿನ ದುಡಿಮೆ ಇವರದು. ಮಂಗಳೂರಿನಿಂದ ವಿಮಾನ ಹತ್ತಿ ಕೊಲ್ಲಿ ದೇಶಗಳಿಗೆ ಹೋಗಿಬರುವ ನಮ್ಮ ಎಷ್ಟೋ ಕುಟುಂಬಗಳು ಈ ಹೆಸರನ್ನು ಮರೆತಿವೆ. ಆ ಕಾಲೇಜು ಈಗ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆ. ಅದರ ಅಂಚೆ ವಿಳಾಸದಲ್ಲಿರುವ 'ಶ್ರೀನಿವಾಸನಗರ' ಇವರ ಹೆಸರಿನದೇ.

ಇನ್ನುಳಿದಂತೆ, ಚಾಮರಾಜನಗರದ ಸಂಸದರಾಗಿದ್ದ ವಿ. ಶ್ರೀನಿವಾಸ ಪ್ರಸಾದ್ 2024ರ ಏಪ್ರಿಲ್ 29ರಂದು ನಿಧನರಾದರು. ಮಂಡ್ಯದ ಎಂ. ಶ್ರೀನಿವಾಸ್ 2018ರಲ್ಲಿ ಶಾಸಕರಾಗಿ ಆಯ್ಕೆಯಾದವರು. ಭದ್ರಾವತಿಯ ಬಿ. ವಿ. ಶ್ರೀನಿವಾಸ್ ಕ್ರಿಕೆಟ್ ಆಡಿ ಬಂದು ಯುವ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದವರು, 2021ರ ಕೋವಿಡ್ ಅಲೆಯಲ್ಲಿ ರೋಗಿಗಳಿಗೆ ಆಮ್ಲಜನಕ ಒದಗಿಸಿ ದೇಶಕ್ಕೆ ಪರಿಚಿತರಾದವರು. ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದ ಎನ್. ಶ್ರೀನಿವಾಸನ್ ತಮಿಳುನಾಡಿನವರು, ಕೊನೆಯ 'ನ್' ಬಿಟ್ಟುಹೋದರೆ ಅವರೂ ನಮ್ಮವರಾಗಿಬಿಡುತ್ತಾರೆ.

ತುಮಕೂರು ನಗರ: ಗಣೇಶ

ಜ್ಯೋತಿ ಗಣೇಶ್ ಅವರು ತುಮಕೂರಿನ ಸಂಸದರಾಗಿದ್ದ ಜಿ. ಎಸ್. ಬಸವರಾಜ್ ಅವರ ಮಗ. ತಂದೆಯ 'ಜಿ' ಗಂಗಸಂದ್ರ, ಅಂದರೆ ಊರು. 2019ರ ಲೋಕಸಭಾ ಚುನಾವಣೆಯಲ್ಲಿ ಬಸವರಾಜ್ ಅವರು ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರನ್ನು 13,339 ಮತಗಳಿಂದ ಸೋಲಿಸಿದ್ದು ತುಮಕೂರಿನವರು ಇಂದಿಗೂ ಹೇಳಿಕೊಳ್ಳುವ ಸಂಗತಿ. ಶಾಸನಸಭೆಯಲ್ಲಿ ಕಂಪ್ಲಿಯ ಜೆ. ಎನ್. ಗಣೇಶ್ ಕೂಡ ಇದ್ದಾರೆ. ಅವರೂ 2018 ಮತ್ತು 2023ರಲ್ಲಿ ಗೆದ್ದವರು.

ಕ್ರೀಡೆಯ ಗಣೇಶರಲ್ಲಿ ಹಿರಿಯರು ಕೊಡಗಿನ ಎಂ. ಪಿ. ಗಣೇಶ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಇವರ ನಾಯಕತ್ವದ ತಂಡ ಬೆಳ್ಳಿ ತಂದಿತು. 2020ರಲ್ಲಿ ಪದ್ಮಶ್ರೀ ಬಂತು. ಇನ್ನೊಬ್ಬರು ಕ್ರಿಕೆಟಿನ ದೊಡ್ಡ ಗಣೇಶ್, 1997ರಲ್ಲಿ ಭಾರತಕ್ಕಾಗಿ ನಾಲ್ಕು ಟೆಸ್ಟ್ ಆಡಿದ ವೇಗದ ಬೌಲರ್. ಆಟ ಬಿಟ್ಟ ಮೇಲೆ ಜನತಾದಳ (ಜಾತ್ಯತೀತ) ಸೇರಿ ರಾಜಕೀಯಕ್ಕೂ ಬಂದರು. ಬಸವನಗುಡಿಯ ದೊಡ್ಡ ಗಣಪತಿಯ ನೆನಪಿನಲ್ಲಿ ಈ ಹೆಸರು ಬಂತೆಂದು ಎಣಿಸುವವರಿದ್ದಾರೆ. ಹಾಗಲ್ಲ. ಅವರ ಪೂರ್ಣ ಹೆಸರು ದೊಡ್ಡನರಸಯ್ಯ ಗಣೇಶ್. 'ದೊಡ್ಡ' ಅದರ ತುಂಡು ಅಷ್ಟೆ.

ಕುಣಿಗಲ್: ರಂಗನಾಥ, ಸುರೇಶ

ಕುಣಿಗಲ್ ಶಾಸಕ ರಂಗನಾಥ್ ಮೂಳೆ ತಜ್ಞ ವೈದ್ಯರು. ಕ್ರೀಡೆಯಲ್ಲಿ ಈ ಹೆಸರು ಇನ್ನೊಬ್ಬರ ಹೆಸರಿನೊಳಗೆ ಅಡಗಿಕೊಂಡಿದೆ: ಜಿ. ಆರ್. ವಿಶ್ವನಾಥ್ ಎಂದರೆ ಗುಂಡಪ್ಪ ರಂಗನಾಥ ವಿಶ್ವನಾಥ್. ಭದ್ರಾವತಿಯಲ್ಲಿ ಹುಟ್ಟಿ 91 ಟೆಸ್ಟ್ ಆಡಿ 6,080 ರನ್ ಗಳಿಸಿದವರು. ವಿಶ್ವನಾಥರೂ ರಾಜಕೀಯದಲ್ಲಿ ಕಡಿಮೆಯೇನಿಲ್ಲ, ಯಲಹಂಕದ ಎಸ್. ಆರ್. ವಿಶ್ವನಾಥ್, ಮೈಸೂರಿನ ಸಂಸದರಾಗಿದ್ದ ಅಡಗೂರು ಎಚ್. ವಿಶ್ವನಾಥ್ ಇಬ್ಬರೂ ಪರಿಚಿತರೇ. ಹಾಕಿಯ ವಿ. ಆರ್. ರಘುನಾಥ್ ಕೊಡಗಿನವರು. ಅವಸರದಲ್ಲಿ ಅವರ ಹೆಸರು 'ರಂಗನಾಥ್' ಎಂದು ಅಚ್ಚಾಗದಂತೆ ನೋಡಿಕೊಳ್ಳಬೇಕು.

ಕುಣಿಗಲ್ ತುಮಕೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದೆ. 2013ರ ಉಪಚುನಾವಣೆಯಿಂದ 2024ರವರೆಗೆ ಅಲ್ಲಿನ ಸಂಸದರು ಡಿ. ಕೆ. ಸುರೇಶ್. ತುಮಕೂರು ಗ್ರಾಮಾಂತರ ವಿಧಾನಸಭಾ ಕ್ಷೇತ್ರದಲ್ಲಿ ಬಿ. ಸುರೇಶ್ ಗೌಡ. ನಮ್ಮ ಕಾಪುವಿನಿಂದ 2023ರಲ್ಲಿ ಗೆದ್ದವರು ಗುರ್ಮೆ ಸುರೇಶ್ ಶೆಟ್ಟಿ. 2020ರ ಕಂಬಳಗಳಲ್ಲಿ ಹೆಸರು ಮಾಡಿದ ಓಟಗಾರರಲ್ಲಿ ಅಕ್ಕೇರಿ ಸುರೇಶ್ ಶೆಟ್ಟಿ ಒಬ್ಬರು. ಗುರ್ಮೆ, ಅಕ್ಕೇರಿ ಎಂಬ ಎರಡು ಮಾತು ಇಲ್ಲದಿದ್ದರೆ ಶಾಸಕರೂ ಓಟಗಾರರೂ ಒಂದೇ ಆಗುತ್ತಿದ್ದರು. ಕಾಪುವಿನಲ್ಲಿ ಆ ಚುನಾವಣೆ ಸೋತ ವಿನಯ ಕುಮಾರ್ ಸೊರಕೆ ಮಾಜಿ ಸಚಿವರು; ಕರ್ನಾಟಕಕ್ಕೆ 2013-14 ಮತ್ತು 2014-15ರ ರಣಜಿ ಟ್ರೋಫಿ ತಂದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ದಾವಣಗೆರೆಯವರು.

ನಮ್ಮ ಮನೆಯ ವಿಷಯ

ಬೇರೆಯವರ ಹೆಸರಿನ ಗೊಂದಲ ಹೇಳುವ ನಾವು ನಮ್ಮ ಹೆಸರುಗಳನ್ನೂ ನೋಡಿಕೊಳ್ಳಬೇಕು. ಸಂತರ ಹೆಸರು ಕೆಲವೇ, ಮನೆತನದ ಹೆಸರು ಇನ್ನೂ ಕೆಲವೇ. ಜಾರ್ಜ್ ಫೆರ್ನಾಂಡಿಸ್ (1930-2019) ಮಂಗಳೂರಿನವರು, ಆಸ್ಕರ್ ಫೆರ್ನಾಂಡಿಸ್ (1941-2021) ಉಡುಪಿಯವರು. ಇಬ್ಬರೂ ಕೇಂದ್ರ ಸಚಿವರಾಗಿದ್ದರಿಂದ ಅಣ್ಣತಮ್ಮಂದಿರೇ ಎಂದು ಉತ್ತರ ಭಾರತದವರು ಕೇಳುವುದುಂಟು. ಅಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿದ್ದ ಪೀಟರ್ ಫೆರ್ನಾಂಡಿಸ್ ಇವರಿಬ್ಬರಿಗೂ ಸಂಬಂಧಿಕರಲ್ಲ.

ಈ ಕಷ್ಟ ಧರ್ಮಸಭೆಗೆ ಹೊಸದಲ್ಲ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರಿನ ಜೊತೆ ತಂದೆತಾಯಿ, ಜ್ಞಾನಸ್ನಾನ ಕೊಟ್ಟ ಗುರುಗಳು, ಜ್ಞಾನ ತಂದೆತಾಯಿ, ಹುಟ್ಟಿದ ಮತ್ತು ಜ್ಞಾನಸ್ನಾನವಾದ ಸ್ಥಳ ಹಾಗೂ ದಿನ ಬರೆಯಬೇಕೆಂದು ಧರ್ಮಸಭೆಯ ಕಾನೂನಿನ 877ನೇ ವಿಧಿ ಹೇಳುತ್ತದೆ. ಒಂದೇ ವಾಳೆಯಲ್ಲಿ ಎರಡು ಜೋನ್ ಡಿಸೋಜರಿದ್ದರೆ ಮದುವೆಯ ಕಾಗದ ಮಾಡುವಾಗ ಕೈಹಿಡಿಯುವುದು ಈ ವಿವರಗಳೇ.

ಮತಪತ್ರದಲ್ಲಿ ಅದೇ ಹೆಸರು

ಹೆಸರಿನ ಹೋಲಿಕೆಯನ್ನು ಬೇಕೆಂದೇ ಬಳಸುವುದೂ ಉಂಟು. ಕುಣಿಗಲಿಗೆ ಹೊಂದಿಕೊಂಡಿರುವ ಮಂಡ್ಯದಲ್ಲಿ 2019ರ ಲೋಕಸಭಾ ಚುನಾವಣೆಗೆ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತಾಗ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದದ್ದರಿಂದ ಅದು ತಮಾಷೆಯಾಗಿ ಉಳಿಯಿತು. ಅಂತರ ಸಾವಿರದೊಳಗೆ ಇದ್ದಿದ್ದರೆ ತಮಾಷೆಯಾಗುತ್ತಿರಲಿಲ್ಲ.

ಒಂದೇ ಹೆಸರಿನ ಅಭ್ಯರ್ಥಿಗಳನ್ನು ವೃತ್ತಿ, ವಾಸಸ್ಥಳ ಅಥವಾ ಬೇರೆ ರೀತಿಯಿಂದ ಗುರುತಿಸಬೇಕೆಂದು 1961ರ ಚುನಾವಣಾ ನಿಯಮಗಳಲ್ಲಿಯೇ ಇದೆ. 2015ರ ಮೇ ತಿಂಗಳಿನಿಂದ ಮತಯಂತ್ರದ ಮೇಲಿನ ಪಟ್ಟಿಯಲ್ಲಿ ಅಭ್ಯರ್ಥಿಯ ಭಾವಚಿತ್ರವೂ ಬಂತು. ಒಂದೇ ಹೆಸರಿನವರ ಸ್ಪರ್ಧೆಗೆ ತಡೆ ಬೇಕೆಂಬ ಅರ್ಜಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ತಂದೆತಾಯಿ ಇಟ್ಟ ಹೆಸರಿನ ಕಾರಣಕ್ಕೆ ಯಾರದೂ ಸ್ಪರ್ಧಿಸುವ ಹಕ್ಕನ್ನು ತಡೆಯಲಾಗದು ಎಂದು ನ್ಯಾಯಾಲಯ ಅದನ್ನು ಪುರಸ್ಕರಿಸಲಿಲ್ಲ. ನಮಗೂ ಅದು ಸರಿಯೆನಿಸುತ್ತದೆ. ಧರ್ಮಕೇಂದ್ರಗಳಲ್ಲಿ ಮತದಾನದ ಅರಿವು ಮೂಡಿಸುವವರು ವಯಸ್ಸಾದವರಿಗೆ ಹೆಸರಿನ ಜೊತೆ ಭಾವಚಿತ್ರ, ಚಿಹ್ನೆ ನೋಡಲು ಹೇಳಿಕೊಡುವುದು ಒಳ್ಳೆಯದು. ಯಾರಿಗೆ ಹಾಕಬೇಕೆಂಬುದು ಅವರವರಿಗೆ ಬಿಟ್ಟ ವಿಷಯ.

ವರದಿ, ಮನವಿ ಬರೆಯುವವರ ಗಮನಕ್ಕೆ: ಮೊದಲ ಸಲ ಹೆಸರು ಬಂದಾಗ ಇನಿಷಿಯಲ್, ಊರು, ಹುದ್ದೆ ಮೂರನ್ನೂ ಬರೆಯಿರಿ, ಹುದ್ದೆಯ ಜೊತೆ ವರ್ಷ ಹಾಕಿರಿ. ಇಂಟರ್ನೆಟ್‌ನಿಂದ ಭಾವಚಿತ್ರ ತೆಗೆಯುವಾಗ ಅದೇ ಹೆಸರಿನ ಇನ್ನೊಬ್ಬರದು ಬಂದಿಲ್ಲವೆಂದು ಊರಿನವರೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳಿರಿ. ನಿಧನದ ಸುದ್ದಿಯಲ್ಲಂತೂ ಇದನ್ನು ತಪ್ಪದೆ ಮಾಡಬೇಕು. ಶ್ರೀನಿವಾಸ ಪ್ರಸಾದರಿಗೆ ಸಲ್ಲಬೇಕಾದ ಶ್ರದ್ಧಾಂಜಲಿ ಶ್ರೀನಿವಾಸ ಪೂಜಾರಿಯವರ ಚಿತ್ರದ ಕೆಳಗೆ ಅಚ್ಚಾದರೆ ಮುಂದಿನ ಸಂಚಿಕೆಯ ತಿದ್ದುಪಡಿಯನ್ನು ಓದುವವರು ಯಾರೂ ಇರುವುದಿಲ್ಲ.